ಜಾಲರಿಯಾಚೆಯ ಸಿಂಹ

ಡೇರಿ ವೃತ್ತದಿಂದ ದಕ್ಷಿಣಕ್ಕೆ ಹೊರಡುವ ರಸ್ತೆ ನಮ್ಮ ಸುದ್ದಗುಂಟೆಪಾಳ್ಯದ ಮಗ್ಗುಲಲ್ಲೇ ಹಾದು ನೇರವಾಗಿ ಬನ್ನೇರುಘಟ್ಟಕ್ಕೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ 365ನೆಯ ನಂಬರಿನ ಬಸ್ಸಿನ ಕಿಟಕಿಗಳಲ್ಲಿ ಮಕ್ಕಳ ತಲೆಗಳು ಸಾಲಾಗಿ ಕಂಡರೆ, ಇವರೆಲ್ಲ ಎಲ್ಲಿಗೆ ಹೊರಟರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಸಿಂಹ ನೋಡಲು. ಬನ್ನೇರುಘಟ್ಟದ ಕಾಡಿನಲ್ಲಿ ಆನೆ ಇದೆ, ಕರಡಿ ಇದೆ, ಚಿರತೆ ಇದೆ. ಆದರೆ ಮನೆಗೆ ಮರಳಿದ ಮಗುವನ್ನು ಅಜ್ಜಿ ಕೇಳುವುದು ಒಂದೇ ಪ್ರಶ್ನೆ: ಸಿಂಹ ಕಂಡಿತಾ?

ನಾನೂ ರೀಲಿನ ಕಾಲದಲ್ಲಿ ಹಾಗೊಮ್ಮೆ ಹೋಗಿ, ಸಫಾರಿ ಬಸ್ಸಿನ ಜಾಲರಿಯ ಹಿಂದೆ ಕುಳಿತು, ಮೂವತ್ತಾರು ಚಿತ್ರಗಳ ರೀಲಿನಲ್ಲಿ ಹತ್ತನ್ನು ಒಂದೇ ಸಿಂಹಕ್ಕೆ ಖರ್ಚು ಮಾಡಿದ್ದೆ. ಪ್ರಿಂಟು ಬಂದಾಗ ಹತ್ತರಲ್ಲೂ ಜಾಲರಿಯ ತಂತಿಗಳು ಸ್ಪಷ್ಟವಾಗಿ ಮೂಡಿದ್ದವು, ಸಿಂಹ ಮಾತ್ರ ಮಸುಕು ಮಸುಕಾದ ಹುಲ್ಲಿನ ಬಣವೆಯಂತೆ ಕಾಣುತ್ತಿತ್ತು. ಆ ಚಿತ್ರಗಳಲ್ಲೊಂದು ಇನ್ನೂ ಆಲ್ಬಮ್ಮಿನಲ್ಲಿದೆ. ಈಚೆಗೆ ನನ್ನ ತಂಗಿಯ ಮಗ ಅದೇ ಜಾಗದಲ್ಲಿ, ಅದೇ ಬಗೆಯ ಬಸ್ಸಿನಲ್ಲಿ ಕುಳಿತು ತೆಗೆದ ಚಿತ್ರವನ್ನು ತಂದು ತೋರಿಸಿದ. ಬೆಳಗಿನ ಹೊಂಬಿಸಿಲು, ಕೇಸರದ ಒಂದೊಂದು ಎಳೆ, ಕಣ್ಣಿನಲ್ಲಿ ಮಿನುಗುವ ಬೆಳಕು. ನೋಡಿದ ನೆಂಟರೊಬ್ಬರು ‘ಆಫ್ರಿಕಾಕ್ಕೆ ಯಾವಾಗ ಹೋಗಿದ್ದೆಯೋ?’ ಎಂದರು. ‘ಜಾಲರಿ ಎಲ್ಲಿ ಹೋಯಿತೋ?’ ಎಂದು ಕೇಳಿದ್ದು ನಾನು. ‘ಅಲ್ಲೇ ಇದೆ ಮಾಮ, ಕಾಣೋದಿಲ್ಲ ಅಷ್ಟೆ’ ಎಂದ.

ಕಾಣದಂತೆ ಮಾಡುವ ಉಪಾಯ ಸರಳ. ಮಸೂರದ ಮೂತಿಯನ್ನು ತಂತಿಗೆ ತಾಗುವಷ್ಟು ಹತ್ತಿರ ತಂದು, ಅದರ ಕಂಡಿಯನ್ನು ಪೂರ್ತಿ ತೆರೆದು, ದೂರದ ಸಿಂಹದ ಮೇಲೆ ದೃಷ್ಟಿ ನೆಟ್ಟರೆ ಹತ್ತಿರದ ತಂತಿ ಎಷ್ಟು ಮಸುಕಾಗುತ್ತದೆಂದರೆ ಗಾಳಿಯಲ್ಲಿ ಕರಗಿಯೇ ಹೋಗುತ್ತದೆ. ತಂತಿಯ ಮೇಲೆ ಬಿಸಿಲು ಬೀಳಬಾರದು, ಸಿಂಹ ತಂತಿಯಿಂದ ಸಾಕಷ್ಟು ದೂರ ಇರಬೇಕು. ಇಷ್ಟೇ. ಆದರೆ ಸಿಂಹದ ಛಾಯಾಗ್ರಹಣದ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ತಿರುವಿ ಹಾಕಿದರೆ, ಹೀಗೆ ಚಿತ್ರದಿಂದ ಕರಗಿ ಹೋದದ್ದು ಬರಿಯ ತಂತಿಯಲ್ಲ ಎಂಬುದು ತಿಳಿಯುತ್ತದೆ. ಹಗ್ಗ, ಕಟ್ಟಿಹಾಕಿದ ದನ, ಬಂದೂಕು, ಜೀಪು, ಒಮ್ಮೊಮ್ಮೆ ಇಡೀ ಸರ್ಕಸ್ಸೇ ಹೀಗೆ ಕರಗಿದೆ.

ನಮ್ಮ ನಾಡಿಗೆ ಸಿಂಹ ಹೊಸತಲ್ಲ, ಜೀವಂತ ಸಿಂಹ ಮಾತ್ರ ಹೊಸತು. ಬನವಾಸಿಯ ಕದಂಬರ ಲಾಂಛನ ಸಿಂಹ. ಹಲ್ಮಿಡಿಗಿಂತ ಹಿಂದಿನದು ಎನ್ನಲಾಗುವ ಕನ್ನಡದ ಸಾಲುಗಳು ತಾಳಗುಂದದಲ್ಲಿ ಸಿಕ್ಕಿದ್ದು ದೇವಾಲಯದ ಸಿಂಹಕಟಾಂಜನದ ಮೇಲೆ. ಚಾಮುಂಡಿಯ ವಾಹನ ಸಿಂಹ, ರಾಜರು ಕೂರುವುದು ಸಿಂಹಾಸನದ ಮೇಲೆ, ಹಂಪಿಯಲ್ಲಿ ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಮೂರ್ತಿ ನರಸಿಂಹನದು. ಆದರೂ ಭಾರತದಲ್ಲಿ ಸಿಂಹದ ನೆಲೆಗೆ ದಕ್ಷಿಣದ ಗಡಿ ನರ್ಮದಾ ನದಿ. ಐತಿಹಾಸಿಕ ಕಾಲದಲ್ಲಿ ಅದು ನದಿ ದಾಟಿ ಈಚೆ ಬಂದದ್ದಕ್ಕೆ ಆಧಾರವಿಲ್ಲ. ಎಂದರೆ ಬೇಲೂರು, ಹಳೇಬೀಡುಗಳ ಶಿಲ್ಪಿ ಕಾಡಿನ ಸಿಂಹವನ್ನು ಕಂಡವನಲ್ಲ. ಹಿಂದಿನ ಶಿಲ್ಪಿ ಕೆತ್ತಿದ್ದನ್ನು ನೋಡಿ, ಕೇಳಿದ್ದನ್ನು ಸೇರಿಸಿ, ಉಳಿದದ್ದನ್ನು ತನ್ನ ಉಳಿಗೆ ಬಿಟ್ಟ. ಸಳನ ಕಥೆಯಲ್ಲಿ ಬರುವುದು ಹುಲಿ, ಕಲ್ಲಿನಲ್ಲಿ ಎದ್ದು ನಿಂತದ್ದು ಸುರುಳಿ ಕೇಸರದ ಸಿಂಹದಂಥ ಪ್ರಾಣಿ. ‘ಹೊಯ್ ಸಳ’ ಎಂಬಲ್ಲಿನ ‘ಹೊಯ್’ ಎಂದರೆ ಹೊಡೆ. ನಾವು ಇವತ್ತಿಗೂ ಫೋಟೊ ‘ಹೊಡೆಯು’ತ್ತೇವೆ, ಹಿಂದಿನವರು ಹುಲಿ ‘ಹೊಡೆಯು’ತ್ತಿದ್ದಂತೆ. ಕ್ಯಾಮೆರಾ ಬಂದೂಕಿನ ಮನೆಯಲ್ಲೇ ಬೆಳೆದ ಕೂಸು ಎಂಬುದನ್ನು ಆಡುಮಾತು ಮರೆತಿಲ್ಲ.

ಆ ಮನೆಯ ಮೊದಲ ಪ್ರಸಿದ್ಧ ಹೆಸರು ಕಾರ್ಲ್ ಜಾರ್ಜ್ ಶಿಲ್ಲಿಂಗ್ಸ್. ಜರ್ಮನಿಯ ಈ ಬೇಟೆಗಾರ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಆಗ ಜರ್ಮನರ ವಸಾಹತಾಗಿದ್ದ ಇಂದಿನ ಟಾಂಜಾನಿಯಾಕ್ಕೆ ಹೋಗಿ ರಾತ್ರಿಯ ಹೊತ್ತು ಸಿಂಹಗಳ ಚಿತ್ರ ತೆಗೆದ. ಅಂದಿನ ಸಲಕರಣೆಯನ್ನು ನೆನೆದರೆ ಬೆನ್ನು ನೋಯುತ್ತದೆ. ಗಾಜಿನ ಫಲಕಗಳು, ಭಾರದ ಪೆಟ್ಟಿಗೆಗಳು, ಸಿಡಿಯುವ ಮೆಗ್ನೀಸಿಯಮ್ ಪುಡಿ, ಇವನ್ನೆಲ್ಲ ಹೊರಲು ನೂರಕ್ಕೂ ಹೆಚ್ಚು ಹಮಾಲರು. ‘ಸಫಾರಿ’ ಎಂಬ ಪದ ಅಂದು ಹೀಗೆ ಹೊರೆ ಹೊತ್ತು ಕಾಲ್ನಡಿಗೆಯಲ್ಲಿ ಸಾಗುವ ಪಯಣದ ಹೆಸರೇ ಆಗಿತ್ತು. ಅದು ಆಫ್ರಿಕಾದ ಸ್ವಾಹಿಲಿ ನುಡಿಗೆ ಅರಬ್ಬಿಯಿಂದ ಬಂದದ್ದು. ನಮ್ಮ ತಾವರೆಕೆರೆ ರಸ್ತೆಯ ಉರ್ದು ಮಾತಿನಲ್ಲಿ ಕೇಳುವ ‘ಸಫರ್’ ಅದರ ದಾಯಾದಿ.

ಶಿಲ್ಲಿಂಗ್ಸನ ವಿಧಾನ ಹೀಗಿತ್ತು. ಒಂದು ಕತ್ತೆಯನ್ನೋ ದನವನ್ನೋ ಬಯಲಿನಲ್ಲಿ ಕಟ್ಟುವುದು. ಅದರ ಸುತ್ತ ದಾರ ಎಳೆದು ಆ ದಾರವನ್ನು ಕ್ಯಾಮೆರಾಕ್ಕೂ ಮೆಗ್ನೀಸಿಯಮ್ ಪುಡಿಗೂ ಜೋಡಿಸುವುದು. ಸಿಂಹ ಬಂದು ಎರಗಿದಾಗ ದಾರ ಜಗ್ಗಿ, ಬೆಳಕು ಸಿಡಿದು, ಚಿತ್ರ ಮೂಡುತ್ತಿತ್ತು. 1905ರಲ್ಲಿ ಅವನ ಪುಸ್ತಕ ಹೊರಬಂದಾಗ ಯುರೋಪು ಬೆರಗಾಯಿತು. ಅದುವರೆಗೆ ಜನ ಕಂಡದ್ದು ಪಂಜರದ ಸಿಂಹ, ಇಲ್ಲವೆ ಚಿತ್ರಕಾರ ಬರೆದ ಸಿಂಹ. ಈಗ ಕತ್ತಲಿನ ನಡುವೆ, ತನ್ನ ಕೆಲಸದಲ್ಲಿ ತೊಡಗಿರುವ, ಯಾರೂ ನೋಡುತ್ತಿಲ್ಲವೆಂದು ನಂಬಿರುವ ಸಿಂಹ ಕಂಡಿತ್ತು. ಕಟ್ಟಿದ ಪ್ರಾಣಿಯ ಗತಿಯ ಬಗ್ಗೆ ಅಂದಿನ ಓದುಗರು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಆದರೆ ಶಿಲ್ಲಿಂಗ್ಸನ ಪರವಾಗಿ ಒಂದು ಮಾತು ಹೇಳಬೇಕು. ಆತ ಏನನ್ನೂ ಬಚ್ಚಿಡಲಿಲ್ಲ. ಪುಸ್ತಕದ ಹೆಸರಿನಲ್ಲೇ ಮಿಂಚುಬೆಳಕಿನ ಜೊತೆಗೆ ಬಂದೂಕನ್ನೂ ಸೇರಿಸಿದ್ದ.

ಬಚ್ಚಿಟ್ಟವರು ಬೇಗನೆ ಬಂದರು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆಂದು ಪೂರ್ವ ಆಫ್ರಿಕಾಕ್ಕೆ ಹೊರಟ. ಷಿಕಾಗೊ ನಗರದ ಸೆಲಿಗ್ ಎಂಬ ಸಿನಿಮಾ ಕಂಪನಿಯವರು ಅವನನ್ನು ಹಿಂಬಾಲಿಸುವ ಗೋಜಿಗೆ ಹೋಗಲಿಲ್ಲ. ತಮ್ಮ ಸ್ಟುಡಿಯೊದಲ್ಲೇ ಕಾಡಿನ ಸೆಟ್ ಹಾಕಿ, ರೂಸ್‌ವೆಲ್ಟನನ್ನು ಹೋಲುವ ನಟನೊಬ್ಬನನ್ನು ನಿಲ್ಲಿಸಿ, ಮುದಿ ಸಿಂಹವೊಂದನ್ನು ಕೊಂಡು ತಂದು ಕ್ಯಾಮೆರಾದ ಎದುರಿಗೇ ಗುಂಡಿಟ್ಟು ಕೊಂದರು. ಚಿತ್ರ ಭರ್ಜರಿಯಾಗಿ ಓಡಿತು. ಮರುವರ್ಷ ಚೆರ್ರಿ ಕೀರ್ಟನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ನಿಜವಾಗಿ ಆಫ್ರಿಕಾದಲ್ಲಿ ರೂಸ್‌ವೆಲ್ಟನನ್ನು ಸೆರೆಹಿಡಿದ ಚಿತ್ರ ತೆರೆಗೆ ಬಂದಾಗ ಪ್ರೇಕ್ಷಕರಿಗೆ ಸಪ್ಪೆಯೆನಿಸಿತು. ಸುಳ್ಳು ಸಿಂಹವನ್ನು ಹತ್ತಿರದಿಂದ ನೋಡಿದ್ದವರಿಗೆ ನಿಜವಾದ ಸಿಂಹದ ದೂರ ಒಗ್ಗಲಿಲ್ಲ. ಇದು ನಡೆದದ್ದು 1910ರಲ್ಲಿ ಎಂಬುದನ್ನು ಗಮನಿಸಬೇಕು. ವನ್ಯಜೀವಿಗಳ ಚಲನಚಿತ್ರ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅದರ ನಕಲು ಹುಟ್ಟಿ ಮಾರುಕಟ್ಟೆಯನ್ನು ಗೆದ್ದಾಗಿತ್ತು.

ಭಾರತದಲ್ಲಿ ಈ ಕೆಲಸಕ್ಕೆ ಮರ್ಯಾದೆ ತಂದವನು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಕಾಡಿನ ದಾರಿಯಲ್ಲಿ ತಂತಿ ಕಟ್ಟಿ, ಹುಲಿ ತನ್ನ ಪಾಡಿಗೆ ನಡೆದು ಬಂದು ತಂತಿ ತಾಕಿದಾಗ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಏರ್ಪಾಡು ಅವನದು. 1927ರಲ್ಲಿ ಬಂದ ಅವನ ಪುಸ್ತಕ ಓದಿದ ಎಷ್ಟೋ ಬೇಟೆಗಾರರು ಬಂದೂಕನ್ನು ಮೂಲೆಗಿಟ್ಟರೆಂದು ಹೇಳುತ್ತಾರೆ. ನಮ್ಮ ಸಂಸ್ಥಾನದಲ್ಲಿ ಆ ಗಾಳಿ ಬೀಸುವುದು ತಡವಾಯಿತು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ಬೇಟೆಯಾದ ಹತ್ತಾರು ಸಾವಿರ ಹುಲಿ, ಚಿರತೆಗಳ ಚರ್ಮ ತುಂಬಿ ಜೀವಂತದಂತೆ ನಿಲ್ಲಿಸುವ ಕೆಲಸ ದಶಕಗಟ್ಟಲೆ ನಡೆಯಿತು. ತೆರೆದ ಬಾಯಿ, ಗಾಜಿನ ಕಣ್ಣು. ಗೋಡೆಗೆ ತೂಗುಹಾಕಿದ ಆ ಮುಖಗಳನ್ನು ಒಮ್ಮೆ ನೋಡಿ, ಇಂದಿನ ಸಿಂಹದ ಚಿತ್ರಗಳಲ್ಲಿ ಬಾಯಿ ತೆರೆದದ್ದೇ ಹೆಚ್ಚು ಮೆಚ್ಚುಗೆ ಗಳಿಸುವುದನ್ನು ನೆನೆದರೆ ನಂಟು ತಿಳಿಯುತ್ತದೆ. ಆ ಬಾಯಿ ಬಹುಮಟ್ಟಿಗೆ ಆಕಳಿಕೆಯದು. ಸಿಂಹ ದಿನದ ಇಪ್ಪತ್ತು ಗಂಟೆ ಮಲಗಿಯೋ ವಿಶ್ರಮಿಸಿಯೋ ಕಳೆಯುವ ಪ್ರಾಣಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೊತ್ತಿಗೆ ಕರ್ನಾಟಕದಲ್ಲಿ ಕ್ಯಾಮೆರಾ ಹಿಡಿದ ದೊಡ್ಡ ಪೀಳಿಗೆಯೇ ಸಿದ್ಧವಾಗಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಖಾತೆ ನಿರ್ವಹಿಸುತ್ತಲೇ ಆನೆಗಳ ಹಿಂದೆ ಅಲೆದವರು. ಬೆಂಗಳೂರಿನಲ್ಲಿ ಇ. ಹನುಮಂತರಾವ್ ಇದ್ದರು, ಓ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ.ಎನ್.ಎ. ಪೆರುಮಾಳ್ ಇದ್ದರು. ಇವರ ಕಾಲದ ಶಿಸ್ತೆಂದರೆ ಕಾಯುವುದು. ನೀರಿನ ಬಳಿ ಸೊಪ್ಪಿನ ಮರೆ ಕಟ್ಟಿಕೊಂಡು, ಸೊಳ್ಳೆಗಳಿಗೆ ಮೈಯೊಡ್ಡಿ, ಪ್ರಾಣಿ ತಾನಾಗಿ ಬರುವವರೆಗೆ ಕೂರುವುದು. ಕೊನೆಯಲ್ಲಿ ಒಂದು ಚಿತ್ರ ಸಿಕ್ಕಿದರೆ ಪುಣ್ಯ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಚಾಂಪಿಯನ್ನನ ಹಳೆಯ ತಂತಿಯ ಉಪಾಯಕ್ಕೆ ಹೊಸ ಜೀವ ಕೊಟ್ಟರು. ತಂತಿಯ ಬದಲು ಕಣ್ಣಿಗೆ ಕಾಣದ ಕಿರಣ, ಚಿತ್ರದಲ್ಲಿ ಮೂಡಿದ ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸುವ ಲೆಕ್ಕ. ಇಷ್ಟೆಲ್ಲ ಸಾಧನೆಯ ನಮ್ಮ ನಾಡಿನಲ್ಲಿ ಯಾರೂ ತೆಗೆಯಲಾಗದ ಚಿತ್ರವೊಂದಿದ್ದರೆ ಅದು ಕಾಡಿನ ಸಿಂಹದ್ದು. 2019ರಲ್ಲಿ ತಯಾರಾದ ‘ವೈಲ್ಡ್ ಕರ್ನಾಟಕ’ ಚಲನಚಿತ್ರದಲ್ಲಿ ಸಿಂಹವಿಲ್ಲ, ಇರಲು ಸಾಧ್ಯವೂ ಇಲ್ಲ.

ಕಾಡಿನ ಸಿಂಹ ಬೇಕೆಂದರೆ ಭಾರತದವರು ಹೋಗಬೇಕಾದದ್ದು ಗುಜರಾತಿನ ಗಿರ್‌ಗೆ. ಜುನಾಗಢದ ನವಾಬರ ಕಾಲದಲ್ಲಿ, 1936ರ ಎಣಿಕೆಯಲ್ಲಿ, ಅಲ್ಲಿದ್ದದ್ದು 287 ಸಿಂಹಗಳು. 1968ರಲ್ಲಿ 177ಕ್ಕೆ ಇಳಿದಿದ್ದವು. 2025ರ ಎಣಿಕೆಯಲ್ಲಿ 891. ಏಷ್ಯಾದ ಸಿಂಹಕ್ಕೆ ಜಗತ್ತಿನಲ್ಲಿ ಉಳಿದಿರುವ ಕಾಡಿನ ನೆಲೆ ಗಿರ್ ಮತ್ತು ಅದರ ಸುತ್ತಲ ಪ್ರದೇಶ ಮಾತ್ರ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅಲ್ಲಿ ‘ಸಿಂಹ ಪ್ರದರ್ಶನ’ ಎಂಬ ಪದ್ಧತಿ ಇತ್ತು. ಎಮ್ಮೆಯ ಕರುವನ್ನು ಕಟ್ಟಿ, ಸಿಂಹಗಳು ಸೇರಿದಾಗ ಗಣ್ಯರನ್ನು, ಪ್ರವಾಸಿಗಳನ್ನು ಕರೆದೊಯ್ದು ತೋರಿಸುವುದು. ಆ ಕಾಲದ ಹಲವು ಚಿತ್ರಗಳಲ್ಲಿ ಸಿಂಹ ಅಷ್ಟು ಹತ್ತಿರ, ಅಷ್ಟು ನಿಶ್ಚಿಂತೆಯಾಗಿ ಕಾಣುವುದಕ್ಕೆ ಚೌಕಟ್ಟಿನ ಹೊರಗೆ ಉಳಿದ ಆ ಕರುವೇ ಕಾರಣ. ಶಿಲ್ಲಿಂಗ್ಸನ ಕತ್ತೆ ಗಿರ್‌ನಲ್ಲಿ ಎಮ್ಮೆಗರುವಾಗಿ ಮರುಹುಟ್ಟು ಪಡೆದಿತ್ತು. ಆ ಪದ್ಧತಿ ನಿಂತು ಬಹಳ ಕಾಲವಾಯಿತು. ಇನ್ನೊಂದು ವಿಷಯವನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ. ಸಾಸಣದ ಬಳಿಯ ದೇವಳಿಯಾದಲ್ಲಿ ಕಾಣುವ ಸಿಂಹಗಳು ಬೇಲಿ ಹಾಕಿದ ಸುಮಾರು 400 ಹೆಕ್ಟೇರು ಜಾಗದೊಳಗಿನವು. ಗಿರ್‌ಗೆ ಹೋಗಿಬಂದವರೆಲ್ಲ ಬೇಲಿಯಿಲ್ಲದ ಸಿಂಹವನ್ನು ಕಂಡವರಲ್ಲ.

ಇನ್ನು ಜೀಪಿನ ಸಂಗತಿ. ಪೂರ್ವ ಆಫ್ರಿಕಾದ ಬಯಲಿನಲ್ಲಿ ಸಿಂಹ ತೆರೆದ ವಾಹನದ ಪಕ್ಕದಲ್ಲೇ, ಕೈಚಾಚಿದರೆ ಎಟಕುವಷ್ಟು ಹತ್ತಿರ, ಹಾದುಹೋಗುವ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಇಂದು ಜಯನಗರ, ಬನಶಂಕರಿಗಳಿಂದಲೂ ಗುಂಪು ಕಟ್ಟಿಕೊಂಡು ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವವರಿದ್ದಾರೆ. ಹಿಂದಿರುಗಿದವರು ‘ಎಷ್ಟು ಸಾಧು!’ ಎನ್ನುವುದುಂಟು. ಸಾಧುವಲ್ಲ. ಅಲ್ಲಿನ ಸಿಂಹ ಮರಿಯಾಗಿದ್ದಾಗಿನಿಂದ ವಾಹನಗಳನ್ನು ನೋಡುತ್ತ ಬೆಳೆದಿರುತ್ತದೆ. ಒಳಗೆ ಕುಳಿತವರನ್ನು ಅದು ಬಿಡಿಬಿಡಿ ಮನುಷ್ಯರೆಂದು ಲೆಕ್ಕಿಸದೆ ವಾಹನವೆಂಬ ದೊಡ್ಡ ಆಕಾರದ ಭಾಗವೆಂದೇ ಭಾವಿಸುತ್ತದೆ. ಆ ಆಕಾರ ಅದಕ್ಕೆ ಆಹಾರವೂ ಅಲ್ಲ, ಶತ್ರುವೂ ಅಲ್ಲ. ಯಾರಾದರೂ ಎದ್ದು ನಿಂತರೆ, ಇಳಿದರೆ ಆಕಾರ ಒಡೆಯುತ್ತದೆ, ಲೆಕ್ಕವೂ ಬದಲಾಗುತ್ತದೆ. ಮಾರ್ಗದರ್ಶಿಗಳು ‘ಕುಳಿತೇ ಇರಿ’ ಎಂದು ಗದರುವುದು ಇದಕ್ಕಾಗಿ. ಅನುಭವವುಳ್ಳ ಛಾಯಾಗ್ರಾಹಕ ಕ್ಯಾಮೆರಾದಷ್ಟೇ ಗಮನವನ್ನು ಸಿಂಹದ ಕಿವಿಗೂ ಬಾಲಕ್ಕೂ ಕೊಡುತ್ತಾನೆ. ಕಿವಿ ಹಿಂದಕ್ಕೆ ಒರಗಿ ಬಾಲ ಪಟಪಟನೆ ಬಡಿಯತೊಡಗಿದರೆ ಚಿತ್ರ ಸಾಕು, ವಾಹನ ಹಿಂದೆ ಸರಿಯಬೇಕು.

ಮನುಷ್ಯರ ಕೈಯಲ್ಲಿ ಬೆಳೆದ ಸಿಂಹದ ಎದುರು ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದಕ್ಕೆ ನಮ್ಮ ಭಯವಿಲ್ಲ. 2015ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸಮೀಪದ ಸಿಂಹವನವೊಂದರಲ್ಲಿ ಕಾರಿನ ಕಿಟಕಿ ಇಳಿಸಿ ಚಿತ್ರ ತೆಗೆಯುತ್ತಿದ್ದ ಪ್ರವಾಸಿಯೊಬ್ಬರು ಸಿಂಹದ ದಾಳಿಗೆ ಬಲಿಯಾದರು. ಬನ್ನೇರುಘಟ್ಟದಲ್ಲೇ 2025ರ ಆಗಸ್ಟ್‌ನಲ್ಲಿ ಸಫಾರಿ ಜೀಪಿನಲ್ಲಿದ್ದ ಬಾಲಕನೊಬ್ಬನನ್ನು ಚಿರತೆ ಕಿಟಕಿಯ ಮೂಲಕ ಪರಚಿತು. ಈ ಅಪಾಯ ಬೇಡವೆಂದು ಬ್ರಿಟನ್ನಿನ ವಿಲ್ ಬರಾರ್ಡ್-ಲೂಕಾಸ್ 2009ರಲ್ಲಿ ಗಾಲಿಗಳ ಮೇಲೆ ಓಡುವ, ದೂರದಿಂದ ನಡೆಸಬಹುದಾದ ಪುಟ್ಟ ಕ್ಯಾಮೆರಾ ಗಾಡಿಯೊಂದನ್ನು ಮಾಡಿ ಸಿಂಹಗಳ ಮುಂದೆ ಬಿಟ್ಟ. ಅವು ಅದನ್ನು ಕಚ್ಚಿ ಎತ್ತಿಕೊಂಡು ಹೋದವು. ಆ ಚಿತ್ರಗಳಲ್ಲಿ ಸಿಂಹದ ಮುಖದಲ್ಲಿ ಕಾಣುವ ಕುತೂಹಲ ಮಾತ್ರ ಅಪ್ಪಟವಾದದ್ದು.

ನಮ್ಮ ರಸ್ತೆಯ ತುದಿಯ ಸಿಂಹಗಳಿಗೆ ಬರೋಣ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದ ಕಾಡೇ ಬೇರೆ, ಅದರ ಒಂದು ಅಂಚಿನಲ್ಲಿರುವ, 2002ರಲ್ಲಿ ಜೈವಿಕ ಉದ್ಯಾನವೆಂದು ಬೇರ್ಪಟ್ಟ ಮೃಗಾಲಯ ಮತ್ತು ಸಫಾರಿ ಬೇರೆ. ಸಿಂಹಗಳಿರುವುದು ಎರಡನೆಯದರಲ್ಲಿ. ಅವು ಎಲ್ಲಿಂದ ಬಂದವು ಎಂಬ ಕಥೆ ಆಫ್ರಿಕಾದ್ದೂ ಅಲ್ಲ, ಗಿರ್‌ನದೂ ಅಲ್ಲ, ಬಹುಪಾಲು ಡೇರೆಯದು. ನಮ್ಮ ಬಾಲ್ಯದಲ್ಲಿ ಊರಿಗೆ ಸರ್ಕಸ್ ಬಂದರೆ ರಾತ್ರಿ ಹತ್ತರ ಮೇಲೆ, ಬೀದಿ ಸದ್ದಡಗಿದಾಗ, ಸಿಂಹದ ಗರ್ಜನೆ ಮನೆಯವರೆಗೂ ಕೇಳಿಸುತ್ತಿತ್ತು. ನಾವು ಹೊದಿಕೆಯೊಳಗೆ ನಡುಗುತ್ತ ಖುಷಿಪಡುತ್ತಿದ್ದೆವು. ಆ ಸಿಂಹ ಬಾಗಿಲು ತೆರೆಯದ ಪಂಜರದಲ್ಲಿ ಲಾರಿಯಿಂದ ಲಾರಿಗೆ ಊರೂರು ತಿರುಗುತ್ತಿತ್ತು ಎಂಬುದು ನಮಗೆ ಹೊಳೆಯುತ್ತಿರಲಿಲ್ಲ.

1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ನ್ಯಾಯಾಲಯಕ್ಕೆ ಹೋದರು. 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಆಗ ಎದ್ದದ್ದು ದೊಡ್ಡ ಪ್ರಶ್ನೆ: ಡೇರೆಗಳಲ್ಲಿದ್ದ ಇನ್ನೂರು ಮುನ್ನೂರು ಸಿಂಹಗಳನ್ನು ಇಡುವುದೆಲ್ಲಿ? ಕಾಡಿಗೆ ಬಿಡುವಂತಿಲ್ಲ. ಅವಕ್ಕೆ ಬೇಟೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಅವುಗಳಲ್ಲಿ ಹೆಚ್ಚಿನವು ಮಿಶ್ರತಳಿಯವು. ಸರ್ಕಸ್ಸಿನವರು ಆಫ್ರಿಕಾದ ಸಿಂಹಗಳನ್ನೂ ಗಿರ್ ಮೂಲದವನ್ನೂ ಕೂಡಿಸಿ ಮರಿ ಮಾಡಿಸಿದ್ದರು. ಗಿರ್‌ನ ತಳಿಯಲ್ಲಿ ಅವುಗಳ ರಕ್ತ ಬೆರೆಯಬಾರದು. ಹೀಗಾಗಿ ದೇಶದ ಕೆಲವು ಕಡೆ ಪುನರ್ವಸತಿ ಕೇಂದ್ರಗಳು ತೆರೆದವು, ಬನ್ನೇರುಘಟ್ಟ ಅವುಗಳಲ್ಲೊಂದು. ಬಂದವುಗಳಲ್ಲಿ ಮುಪ್ಪಾದವು, ಕಾಲು ಸೊಟ್ಟಗಾದವು, ದೃಷ್ಟಿ ಮಂದವಾದವು ಇದ್ದವು. ಸಂತಾನವಾಗದಂತೆ ನೋಡಿಕೊಂಡು, ಬದುಕಿರುವಷ್ಟು ದಿನ ಮಾಂಸ, ಮದ್ದು, ನೆರಳು ಕೊಡುವುದು ಅಲ್ಲಿನ ಕೆಲಸ. ಎಷ್ಟೋ ಸಿಂಹಗಳು ಅಲ್ಲೇ ವಯಸ್ಸಾಗಿ ತೀರಿಕೊಂಡವು. ಇಂದು ಸಫಾರಿಯಲ್ಲಿ ಕಾಣುವ ಸಿಂಹವೂ ಕಾಡಿನಿಂದ ಬಂದದ್ದಲ್ಲ. ರಾತ್ರಿ ಕೊಠಡಿಯಲ್ಲಿ ಮಾಂಸ ತಿಂದು, ಬೆಳಿಗ್ಗೆ ಬಾಗಿಲು ತೆರೆದಾಗ ಹೊರಬಂದು ದಾರಿಯ ಬದಿಯ ಮರದಡಿ ಮಲಗುವಂಥದ್ದು. ಮಂಗಳವಾರ ಉದ್ಯಾನಕ್ಕೆ ರಜೆ, ಅಂದು ಅದಕ್ಕೂ ನಮ್ಮಿಂದ ಬಿಡುವು.

ಇದನ್ನು ಹೇಳಿ ಬನ್ನೇರುಘಟ್ಟವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಸರ್ಕಸ್ಸಿನ ಪಂಜರದಿಂದ ಬಿಡುಗಡೆಯಾದ ಪ್ರಾಣಿ ಮೊದಲ ಸಲ ಹುಲ್ಲಿನ ಮೇಲೆ ಕಾಲಿಟ್ಟದ್ದು ಕಾಡಿನ ಬೇಟೆಗಿಂತ ಕಡಿಮೆಯ ಸುದ್ದಿಯಲ್ಲ. ನನ್ನ ತಕರಾರು ಚಿತ್ರದ ಕೆಳಗಿನ ಸಾಲಿನ ಬಗ್ಗೆ. ಜಾಲರಿಯನ್ನು ಕರಗಿಸುವುದು ಕಲೆ ಎನ್ನೋಣ, ಆದರೆ ‘ಕಾಡಿನ ರಾಜ’ ಎಂದು ಕೆಳಗೆ ಬರೆದಾಗ ಆ ಪ್ರಾಣಿಯ ನಿಜವಾದ ಬದುಕೂ ಜಾಲರಿಯ ಜೊತೆಗೇ ಕರಗುತ್ತದೆ. ಛಾಯಾಗ್ರಹಣ ಲೋಕ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಒಂದು ಹಗರಣವೇ ಬೇಕಾಯಿತು. 2009ರಲ್ಲಿ ಲಂಡನ್ನಿನ ಪ್ರತಿಷ್ಠಿತ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ರಾತ್ರಿ ಬೇಲಿ ಹಾರುತ್ತಿರುವ ತೋಳದ ಚಿತ್ರ ಮೊದಲ ಬಹುಮಾನ ಗೆದ್ದಿತು. ಅದು ಬಹುಶಃ ಪಳಗಿಸಿದ ತೋಳವೆಂದು ತೀರ್ಪುಗಾರರಿಗೆ ಮನವರಿಕೆಯಾಗಿ, 2010ರ ಜನವರಿಯಲ್ಲಿ ಬಹುಮಾನ ಹಿಂದಕ್ಕೆ ಪಡೆದರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಸೇರಿ ಸಾಮಾನ್ಯ ನಿಯಮವೊಂದನ್ನು ಒಪ್ಪಿಕೊಂಡವು. ‘ವನ್ಯಜೀವಿ’ ಎಂದು ಕರೆಯಬೇಕಾದರೆ ಪ್ರಾಣಿ ಯಾರ ಹಂಗೂ ಇಲ್ಲದೆ ಸ್ವತಂತ್ರವಾಗಿ ತನ್ನ ನೆಲೆಯಲ್ಲಿ ಇರಬೇಕು, ಮೃಗಾಲಯದ್ದು ಆ ಹೆಸರಿಗೆ ಸಲ್ಲದು.

ಹತ್ತಿರದ ಚಿತ್ರಕ್ಕೆ ಇನ್ನೊಂದು ಉಪಯೋಗವಿದೆ. ಸಿಂಹಕ್ಕೆ ಹುಲಿಯಂತೆ ಪಟ್ಟೆಯಿಲ್ಲ. ಆದರೆ ಮೂತಿಯ ಎರಡೂ ಬದಿಗಳಲ್ಲಿ ಮೀಸೆ ಹುಟ್ಟುವೆಡೆ ಸಾಲು ಸಾಲಾಗಿ ಕಪ್ಪು ಚುಕ್ಕೆಗಳಿವೆ, ಅವುಗಳ ಜೋಡಣೆ ಒಂದೊಂದು ಸಿಂಹಕ್ಕೆ ಒಂದೊಂದು ಬಗೆ. ಇದರಿಂದ ಸಿಂಹಗಳನ್ನು ಗುರುತಿಸಬಹುದೆಂದು 1970ರಲ್ಲಿ ಪೂರ್ವ ಆಫ್ರಿಕಾದ ಇಬ್ಬರು ಸಂಶೋಧಕರು ತೋರಿಸಿದರು. ಅಂದಿನಿಂದ ಸೆರೆಂಗೆಟಿಯಲ್ಲೂ ಮುಂದೆ ಗಿರ್‌ನಲ್ಲೂ ಸಂಶೋಧಕರು ಸಿಂಹದ ಮುಖವನ್ನು ಹತ್ತಿರದಿಂದ ಸೆರೆಹಿಡಿಯುವುದು ಈ ಚುಕ್ಕೆಗಳಿಗಾಗಿ. ಆ ಚಿತ್ರಗಳಿಗೆ ಹೊಂಬಿಸಿಲು ಬೇಕಿಲ್ಲ, ತೆರೆದ ಬಾಯಿಯೂ ಬೇಕಿಲ್ಲ. ಇದು ಯಾವ ಸಿಂಹ ಎಂದು ತಿಳಿದರೆ ಸಾಕು.

ನನ್ನ ತಂಗಿಯ ಮಗ ತನ್ನ ಚಿತ್ರವನ್ನು ಸ್ಪರ್ಧೆಯೊಂದಕ್ಕೆ ಕಳಿಸಲು ಹೊರಟಿದ್ದ. ಈ ನಿಯಮದ ಸಂಗತಿ ತಿಳಿದು ಮುಖ ಸಪ್ಪಗಾಯಿತು. ಎರಡು ದಿನ ಯೋಚಿಸಿ, ವನ್ಯಜೀವಿ ವಿಭಾಗ ಬಿಟ್ಟು ಮುಕ್ತ ವಿಭಾಗಕ್ಕೆ ‘ಬನ್ನೇರುಘಟ್ಟ ಜೈವಿಕ ಉದ್ಯಾನದ ಸಿಂಹ’ ಎಂದು ಬರೆದು ಕಳಿಸಿದ. ಬಹುಮಾನ ಬರಲಿಲ್ಲ. ಮುಂದಿನ ಭಾನುವಾರ ಆ ಚಿತ್ರದ ಒಂದು ಪ್ರಿಂಟು ತೆಗೆದುಕೊಂಡು ಮತ್ತೆ 365 ಹತ್ತಿದ. ಅಲ್ಲಿನ ಪಾಲಕರೊಬ್ಬರಿಗೆ ತೋರಿಸಿ, ಮೂತಿಯ ಚುಕ್ಕೆಗಳನ್ನು ಎಣಿಸಿ ವಿವರಿಸಲು ಶುರುಮಾಡಿದನಂತೆ. ಅವರು ಪ್ರಿಂಟನ್ನು ಒಂದು ಕ್ಷಣ ನೋಡಿ, ಚುಕ್ಕೆಗಳ ಗೊಡವೆಗೆ ಹೋಗದೆ, ಸಿಂಹದ ಹೆಸರು ಹೇಳಿ, ‘ಹೋದ ತಿಂಗಳು ಮೂರು ದಿವಸ ಊಟ ಬಿಟ್ಟಿತ್ತು ಸಾರ್, ಈಗ ಪರವಾಗಿಲ್ಲ’ ಎಂದರಂತೆ.